ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಬೇಕೆ?

ಹೊಸ ಮನೆ ಕಟ್ಟಿಸಿದವರು ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಕಿಸುವ ರೂಢಿ ಪೇಟೆಯಿಂದ ಹಳ್ಳಿಗೂ ಬಂದಿದೆ. ವರ್ಷವಿಡೀ ಹಸಿರು, ನೀರು ಹಾಯಿಸಬೇಕಿಲ್ಲ, ಕತ್ತರಿಸಬೇಕಿಲ್ಲ. ಕೊಳವೆ ಬಾವಿ ಬತ್ತಿದ ಬಯಲುಸೀಮೆಯಲ್ಲಿ ಈ ಮಾತು ಯಾರಿಗಾದರೂ ಹಿಡಿಸುವಂಥದೇ. ಆದರೂ ದನಕರು ಕಟ್ಟಿ ಬೇಸಾಯ ಮಾಡುವವರ ಅಂಗಳಕ್ಕೆ ಇದು ತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ.

ಈ ಹುಲ್ಲು ಹೆಸರಾದದ್ದು ಆಟದ ಮೈದಾನದಲ್ಲಿ. ಅಮೆರಿಕದ ಹೂಸ್ಟನ್ ನಗರದ ಸೂರು ಹೊದಿಸಿದ ಕ್ರೀಡಾಂಗಣದೊಳಗೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತಾಗ, 1966ರಲ್ಲಿ ಇದನ್ನು ಹಾಸಿದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಇಂಥ ಹಾಸಿನ ಮೇಲೆಯೇ ನಡೆದು, ನಮ್ಮ ತಂಡ 7ನೇ ಸ್ಥಾನಕ್ಕಿಳಿದದ್ದು ಹಿರಿಯರಿಗೆ ನೆನಪಿರಬಹುದು. ಬಿಸಿಲಿಲ್ಲದ ಕಡೆಗೆ ಒದಗಿದ್ದನ್ನು ನಾವು ರಾಯಚೂರಿನ ಬಿಸಿಲಿಗೆ ಹಾಸಹೊರಟಿದ್ದೇವೆ! ಬೇಸಿಗೆಯ ಮಧ್ಯಾಹ್ನ ಇದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಬರಿಗಾಲಿಡಲಾಗದು. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಣ್ಣಗಿದ್ದು ಮತ್ತೆ ಕಾಯುತ್ತದೆ. ನೀರಿನ ಉಳಿತಾಯದ ಲೆಕ್ಕ ಅಲ್ಲಿಗೇ ಸಡಿಲವಾಯಿತು.

ಇದಕ್ಕೂ ದೊಡ್ಡ ತೊಂದರೆ ಇರುವುದು ಪೊರಕೆಯ ಕೆಲಸದಲ್ಲಿ. ಹಾಸಿನ ಎಳೆಗಳು ಪಾಲಿಥಿನ್ ಇಲ್ಲವೆ ಅದೇ ಜಾತಿಯ ಪ್ಲಾಸ್ಟಿಕ್ಕಿನವು. ಬಿಸಿಲಿಗೆ ಪೆಡಸಾಗಿ, ತುಳಿತಕ್ಕೆ ಸಿಕ್ಕಿ, ಕೆಲವು ವರ್ಷಗಳಲ್ಲಿ ಉದುರತೊಡಗುತ್ತವೆ. ಪೇಟೆಯಲ್ಲಾದರೆ ಅವು ಕಸದ ಗಾಡಿ ಸೇರುತ್ತವೆ. ನಮ್ಮಲ್ಲಿ ಅಂಗಳ ಗುಡಿಸಿದ್ದು ತಿಪ್ಪೆಗೆ, ತಿಪ್ಪೆಯದು ಹೊಲಕ್ಕೆ. ಗೊಬ್ಬರದೊಡನೆ ಹೊಲ ಸೇರಿದ ಎಳೆಗಳನ್ನು ಆರಿಸುವವರು ಯಾರು? ಅವು ಕೊಳೆಯುವುದಿಲ್ಲ, ಚೂರುಚೂರಾಗಿ ಮಣ್ಣಿನಲ್ಲೇ ಉಳಿಯುತ್ತವೆ. ಕಿತ್ತ ಅಂಚನ್ನು ಕರು ಜಗಿದು ನುಂಗಿದರಂತೂ ಹೊಟ್ಟೆಯಲ್ಲಿ ಗಂಟುಕಟ್ಟಿ, ಪಶುವೈದ್ಯರು ಕೊಯ್ದು ತೆಗೆಯಬೇಕಾಗಬಹುದು.

ಹಾಕಿಸಲೇಬೇಕೆನ್ನುವವರು ದನ ಸುಳಿಯದ, ನೆರಳಿರುವ ಜಗಲಿಯಂಥ ಜಾಗ ಆರಿಸಲಿ. ಬರೀ ಮಣ್ಣಿನ ಮೇಲೆ ಹಾಸಬಾರದು. ಕಳೆ ಕಿತ್ತು, ಜಲ್ಲಿಪುಡಿ ಹರಡಿ ದಮ್ಮಸು ಮಾಡಿ, 10 ಅಡಿಗೆ ಒಂದೂಕಾಲು ಅಂಗುಲದಷ್ಟು ಇಳಿಜಾರು ಕೊಡಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಅಡಿಯಲ್ಲಿ ನೀರು ನಿಂತು ನಾರುತ್ತದೆ. ಪಟ್ಟಿಗಳ ಎಳೆ ಒಂದೇ ದಿಕ್ಕಿಗೆ ಬಾಗಿರುವಂತೆ ಕೂಡಿಸಿ, ಅಂಚುಗಳನ್ನು ಭದ್ರಪಡಿಸಿ, ಎಳೆಗಳ ನಡುವೆ ಒಣ ಮರಳು ತುಂಬಬೇಕು. ಆಗಾಗ ಗಟ್ಟಿ ಬ್ರಷ್ಷಿನಿಂದ ಎಳೆ ಎಬ್ಬಿಸಿ, ಧೂಳು ತೊಳೆದು, ಮರಳು ಕುಗ್ಗಿದಲ್ಲಿ ಮತ್ತೆ ಹಾಕಬೇಕು. ಖರ್ಚಿಲ್ಲದ ಹುಲ್ಲೆಂಬ ಮಾತು ಮಾರುವವರದು. ಒಲೆಯ ಕೆಂಡ, ದೀಪಾವಳಿಯ ಪಟಾಕಿ ಬಿದ್ದರೆ ಕರಗಿ ತೂತಾಗುತ್ತದೆ. ಹಳತಾದದ್ದನ್ನು ತಿಪ್ಪೆಗೂ ಎಸೆಯಬಾರದು, ಸುಡಲೂಬಾರದು.

ಹೊಲದಲ್ಲಿ ಗರಿಕೆ ಕೀಳಿಸಲು ಕೂಲಿ ಕೊಡುವ ನಾವೇ ಮನೆ ಮುಂದಿನ ಹಸಿರಿಗೆ ಅಂಗಡಿಗೆ ಹಣ ಸುರಿಯುವುದು ವಿಚಿತ್ರ. ಅದೇ ಗರಿಕೆಯ ಗೆಣ್ಣಿರುವ ತುಂಡುಗಳನ್ನು ಮುಂಗಾರು ಹಿಡಿದೊಡನೆ ಅರ್ಧ ಗೇಣಿಗೊಂದರಂತೆ ನೆಟ್ಟರೆ ಮಳೆಗಾಲ ಮುಗಿಯುವುದರೊಳಗೆ ಹಬ್ಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಬೇರು ಜೀವ ಹಿಡಿದಿರುತ್ತದೆ. ಮೊದಲ ಮಳೆಗೆ ಚಿಗುರುತ್ತದೆ. ಕೊಯ್ದದ್ದು ಕರುವಿಗೆ ಮೇವು. ಹಿತ್ತಲಿಗೂ ಹೊಲಕ್ಕೂ ನುಗ್ಗದಂತೆ ಸುತ್ತ ಗೇಣುದ್ದ ಆಳಕ್ಕೆ ಕಲ್ಲು ಹೂಳಬೇಕು. ಕಾಳುಕಡಿ ಒಣಗಿಸುವಷ್ಟು ಜಾಗವನ್ನು ಮಾತ್ರ ಎಂದಿನಂತೆ ಸಾರಿಸಿಕೊಂಡು ಬಿಟ್ಟುಕೊಳ್ಳಿ.