ಬಸುರಿ ಭೂಮಿಗೆ ಬಯಕೆಯೂಟ

ಆಶ್ವಯುಜ ಮಾಸದ ಹುಣ್ಣಿಮೆಗೆ ಪಂಚಾಂಗದಲ್ಲಿ ಸೀಗೆ ಹುಣ್ಣಿಮೆ ಎಂದು ಹೆಸರು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ರೈತರಿಗೆ ಅದು ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಬಸುರಿ ಮಗಳಿಗೆ ತವರಿನವರು ಬಯಕೆಯೂಟ ಹಾಕುವುದಿಲ್ಲವೇ? ಇದೂ ಹಾಗೆಯೇ, ಭೂಮಿತಾಯಿಗೆ ಸೀಮಂತ.

ದೀವರ ಮನೆಯ ಹೆಂಗಸರು ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಒಲೆ ಆರುವುದಿಲ್ಲ. ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿ, ಕಡುಬು ಸಿದ್ಧವಾಗುತ್ತವೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಹಚ್ಚಂಬಲಿ ಬೀರುತ್ತಾರೆ. ಪೈರಿಗೆ ಒಡವೆ ತೊಡಿಸಿ ಪೂಜಿಸುತ್ತಾರೆ. ಇಲಿ, ಕಾಗೆಗಳಿಗೂ ಪಾಲುಂಟು. ಆಮೇಲೆ ಗದ್ದೆಯ ಬದುವಿನಲ್ಲೇ ಮನೆಮಂದಿಯ ಊಟ.

ಈ ಆದರದ ಹಿಂದೆ ಆತಂಕವೂ ಇದೆ. ತೆನೆ ಹೂವಾಡುವಾಗ ಮಳೆ ಜಡಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಗಾಳಿ ಬೀಸಿದರೆ ಪೈರು ಮಲಗುತ್ತದೆ. ಕಾಡುಹಂದಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲು.

ಇನ್ನೊಂದು ಮಾತನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಹೀಗೆ ಪೂಜಿಸಿದ ನೆಲ ಬಹುಕಾಲ ಈ ಗೇಣಿದಾರರದ್ದಾಗಿರಲಿಲ್ಲ. ಗೇಣಿ ಅಳೆಯುವ ಕೊಳಗದ ವಿಚಾರದಲ್ಲಿ ಎದ್ದ ಜಗಳವೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆಯಿಂದ ಉಳುವವನು ಹೊಲದೊಡೆಯನಾದ.

ನೆಲವೇನೋ ಕೈಗೆ ಬಂತು. ಭತ್ತ ಮಾತ್ರ ಕೈ ಹಿಡಿಯಲಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದು ತೀರಿಸುತ್ತಿದ್ದ ಮುಯ್ಯಾಳು ಪದ್ಧತಿ ಸೊರಗಿತು. ಕೂಲಿಗೆ ಆಳು ಸಿಗುವುದಿಲ್ಲ. ಸಿಕ್ಕರೂ ಬೆಳೆದ ಖರ್ಚು ಹುಟ್ಟುವುದಿಲ್ಲ. ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಓದಿದ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ಕಷ್ಟ ಮಕ್ಕಳಿಗೆ ಬೇಡವೆಂದು ಓದಿಸಿದವರು ಅದೇ ರೈತರಲ್ಲವೇ?

ಆದರೆ ಕಷ್ಟದ ಜೊತೆಗೆ ತಿಳಿವಳಿಕೆಯೂ ಹೊರಟುಹೋಗಬೇಕಿಲ್ಲ. ಹಚ್ಚಂಬಲಿಗೆ ಬೀಳುವ ಒಂದೊಂದು ಸೊಪ್ಪಿನ ಹೆಸರೂ, ಅದು ಬೆಳೆಯುವ ಜಾಗವೂ ಅಜ್ಜಿಗೆ ಗೊತ್ತು. ಯಾವ ಪಠ್ಯದಲ್ಲೂ ಆ ಪಟ್ಟಿ ಇಲ್ಲ. ತಂದೆತಾಯಂದಿರೇ, ಬರುವ ಭೂಮಿ ಹುಣ್ಣಿಮೆಗೆ ಮಕ್ಕಳನ್ನು ಒಂದು ದಿನ ಊರಿಗೆ ಕರೆದೊಯ್ಯಿರಿ. ಮಕ್ಕಳೇ, ನೋಟ್‌ಬುಕ್ ಮರೆಯದಿರಿ. ಅಜ್ಜಿಯ ಹಿಂದೆ ಬುಟ್ಟಿ ಹಿಡಿದು ನಡೆದು, ಅವಳು ಹೇಳಿದ ಹೆಸರುಗಳನ್ನೆಲ್ಲ ಬರೆದುಕೊಳ್ಳಿ.