ಅಕ್ಷರ ಹುಡುಕಿದರೆ ಭಾಷೆ ಬಂದೀತೇ?

ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಹತ್ತು ಇಂಗ್ಲಿಷ್ ಪದಗಳನ್ನು ಬರೆದು ತರಬೇಕೆಂದು ಮಕ್ಕಳಿಗೆ ಹೋಂವರ್ಕ್ ಕೊಡುವ ಪರಿಪಾಠವಿದೆ. ಅಂತರಜಾಲದಲ್ಲಿ ಅಕ್ಷರಗಳನ್ನು ಕೊಟ್ಟೊಡನೆ ಪದಗಳ ಪಟ್ಟಿಯೇ ದೊರೆಯುತ್ತದೆ. ಮಗು ನಕಲು ಮಾಡುತ್ತದೆ, ಉಪಾಧ್ಯಾಯರು ಅಂಕ ನೀಡುತ್ತಾರೆ. ಇದರಲ್ಲಿ ಕಲಿತದ್ದಾದರೂ ಏನು?

ಆ ನಾಲ್ಕೇ ಅಕ್ಷರಗಳು ‘ರಫ್’ ಎಂಬಲ್ಲಿ ಒಂದು ಬಗೆಯಾಗಿಯೂ ‘ಥ್ರೂ’ ಎಂಬಲ್ಲಿ ಇನ್ನೊಂದು ಬಗೆಯಾಗಿಯೂ ಉಚ್ಚಾರಗೊಳ್ಳುತ್ತವೆ. ‘ದೋ’, ‘ಕಾಫ್’, ‘ಬೌ’ಗಳಲ್ಲಿ ಮತ್ತೆ ಬೇರೆ ಬೇರೆ. ಬಹುಮಟ್ಟಿಗೆ ಬರೆದಂತೆಯೇ ಓದುವ ಕನ್ನಡದ ಮಗುವಿಗೆ ತಿಳಿಸಿಕೊಡಬೇಕಾದದ್ದು ಇದನ್ನು. ಪಟ್ಟಿ ಇದನ್ನು ಹೇಳದು.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಆಟದಲ್ಲಿ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಪದಗಳನ್ನು ಕಂಠಪಾಠ ಮಾಡಿದ್ದರು. ಅವರ ಸ್ಮರಣಶಕ್ತಿಗೆ ನಮಸ್ಕಾರ. ಆಟಕ್ಕೆ ಅಷ್ಟು ಸಾಕು. ಆದರೆ ತರಗತಿಯಲ್ಲಿ ನಾವು ಕಲಿಸಬೇಕಾದದ್ದು ಆಟವನ್ನಲ್ಲ, ಭಾಷೆಯನ್ನು.

ಇಂದು ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಹತ್ತು ಪದ ಬೇಡ, ಮೂರು ಸಾಕು. ಮಗು ಅವನ್ನು ಸರಿಯಾಗಿ ಉಚ್ಚರಿಸಲಿ, ಅರ್ಥ ಹೇಳಲಿ, ಸ್ವಂತ ವಾಕ್ಯ ರಚಿಸಲಿ. ಅಂಕ ಕೊಡುವುದು ಆಮೇಲೆ.