ಯಾರ ಗೆಣ್ಣು, ಅಜ್ಜಿ?

ಮಕ್ಕಳೇ, ಹೋದ ಭಾನುವಾರ ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಒಲೆ ಮುಂದೆ ನಿಂತವಳು ನಾನಲ್ಲ, ಆರನೇ ಕ್ಲಾಸಿನ ಮೊಮ್ಮಗಳು. ನನಗೆ ಬಲಗೈ ಮಣಿಕಟ್ಟು ನೋವು. ತಪ್ಪಲೆ ಎತ್ತಕೂಡದು ಎಂದು ಡಾಕ್ಟರು ಹೇಳಿ ತಿಂಗಳಾಯಿತು.

ಅವಳಿಗೆ ಜಂಬಲಾಯ ಮಾಡುವ ಆಸೆ. ಅಮೆರಿಕದ ಲೂಸಿಯಾನದ ಅಡುಗೆ ಅದು. 1755ರಿಂದ ಬ್ರಿಟಿಷರು ಕೆನಡಾ ಕಡೆಯ ಅಕೇಡಿಯಾದಿಂದ ಓಡಿಸಿದ ಫ್ರೆಂಚ್ ಮಾತಿನ ಜನರಲ್ಲಿ ಹಲವರು ಅಲ್ಲಿ ನೆಲೆಸಿದರು. ಅವರ ವಂಶದವರೇ ಕೇಜನ್ನರು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ ಬಾಡಿಸಿ, ಮಾಂಸದ ರಸದಲ್ಲೇ ಅಕ್ಕಿ ಬೇಯಿಸುತ್ತಾರೆ. “ಅಯ್ಯೋ, ಇದು ನಮ್ಮ ದೊನ್ನೆ ಬಿರಿಯಾನಿಯ ದೊಡ್ಡಪ್ಪನ ಮಗ ಕಣೇ!” ಎಂದೆ. “ಹಾಗಾದ್ರೆ ಮೊದಲು ನಮ್ಮದೇ ಕಲಿಸು” ಎಂದಳು.

ಕಲಿಸುವುದು ಹೇಗೆ? ನಾನು ಯಾವತ್ತೂ ಅಳೆದವಳಲ್ಲ. ನಮ್ಮತ್ತೆ ಹೇಳಿಕೊಟ್ಟಿದ್ದು ಇಷ್ಟೇ: ಸೌಟಿನ ಹಿಡಿ ಅದ್ದಿ ನೋಡು, ಅಕ್ಕಿಯ ಮೇಲೆ ರಸ ಒಂದು ಗೆಣ್ಣು ನಿಲ್ಲಬೇಕು. ಮೊಮ್ಮಗಳು ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕ ಹಿಡಿದಳು. “ಯಾರ ಗೆಣ್ಣು, ಅಜ್ಜಿ?”

ಅಟ್ಟದಿಂದ ಪಾವು ಇಳಿಯಿತು. 2 ಪಾವು ಜೀರಿಗೆ ಸಾಂಬಾ ಅಕ್ಕಿ ಅರ್ಧ ಗಂಟೆ ನೆನೆಯಿತು. ಬಿಡಿಸಿದ ಪುದೀನ 1 ಲೋಟ, ಕೊತ್ತಂಬರಿ 1 ಲೋಟ, ಹಸಿಮೆಣಸಿನಕಾಯಿ 8, ಶುಂಠಿ, ಬೆಳ್ಳುಳ್ಳಿ ರುಬ್ಬಿದೆವು. ಎಣ್ಣೆ, ತುಪ್ಪದಲ್ಲಿ ಚಕ್ಕೆ, ಲವಂಗ, ಈರುಳ್ಳಿ ಹುರಿದು, ಅರ್ಧ ಕೇಜಿ ಮಟನ್, ರುಬ್ಬಿದ್ದು, ಅರ್ಧ ಲೋಟ ಮೊಸರು, ಒಂದು ಪಾವು ನೀರು ಹಾಕಿ ಕುಕ್ಕರಿನಲ್ಲಿ 5 ಕೂಗು. ಇನ್ನು ಮುಖ್ಯವಾದದ್ದು: ರಸ ಬಸಿದು ಅಳೆದು, ಬಿಸಿನೀರು ಸೇರಿಸಿ ಮೂರೂವರೆ ಪಾವು ಮಾಡಿ ತಪ್ಪಲೆಗೆ ಸುರಿಯಬೇಕು. ಉಪ್ಪು? “ಒಂದು ಹಿಡಿ” ಎಂದೆ. ಬಿಡಲಿಲ್ಲ. ನನ್ನ ನೋಯುವ ಕೈಯಿಂದಲೇ ತಟ್ಟೆಗೆ ಉದುರಿಸಿ, ಚಮಚದಲ್ಲಿ ಎಣಿಸಿದಳು. ಚಿಕ್ಕ ಚಮಚದಲ್ಲಿ 3.

ಕುದಿಯುವ ರಸಕ್ಕೆ ಮಟನ್, ಅಕ್ಕಿ ಬಿತ್ತು. ರಸ ಅಕ್ಕಿಯ ಮಟ್ಟಕ್ಕೆ ಇಳಿದಾಗ ಉರಿ ಸಣ್ಣಗೆ ಮಾಡಿ, ಮುಚ್ಚಳದ ಮೇಲೆ ಭಾರ ಇಟ್ಟು 15 ನಿಮಿಷ. ಕೈಯಾಡಿಸಿದರೆ ಅಕ್ಕಿ ಮುರಿದು ಮುದ್ದೆಯಾಗುತ್ತದೆ. ಕೈಯಾಡಿಸಲಿಲ್ಲ, ಆದರೆ ಪುಟ್ಟಿ ಎರಡು ಸಲ ಮುಚ್ಚಳ ತೆಗೆದು ನೋಡಿದಳು! ಹಬೆ ಹೋಗಿ ಮೇಲಿನ ಅಕ್ಕಿ ಗಟ್ಟಿ ಉಳಿಯಿತು. ಬಿಸಿನೀರು ಚಿಮುಕಿಸಿ ಇನ್ನೂ 10 ನಿಮಿಷ ಮುಚ್ಚಿದೆವು, ಸರಿಹೋಯಿತು.

ತಪ್ಪಲೆ ಇಳಿಸಿದ್ದು ಅವಳಪ್ಪ. ಅಡಿಕೆ ಹಾಳೆಯ ದೊನ್ನೆಯಲ್ಲಿ ಮೊದಲ ತುತ್ತು ನನಗೆ. ಅತ್ತೆಯವರ ಕೈರುಚಿಯೇ, ಖಾರ ಮಾತ್ರ ಚೂರು ಕಡಿಮೆ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು: ಮೆಣಸಿನಕಾಯಿ 10.

ಮುಂದಿನ ಭಾನುವಾರ ಜಂಬಲಾಯವಂತೆ. ಸೆಲರಿ ಹುಡುಕಿ ತರುವ ಕೆಲಸ ತಾತನದು.